ಹಳೆ ವ್ಯಾನ್ ಎರಡನೇ ಗೇರ್‌ಗೆ ಬಿದ್ದು ಅಲ್ಲೇ ನಿಲ್ಲುತ್ತದೆ: ಗೇರ್‌ಬಾಕ್ಸ್ ನಿಜಕ್ಕೂ ಹೋಯ್ತಾ?

ಡಬ್ಬಿ ಅಕ್ಕ, ವಿಂಡ್ಸರ್, ಒಂಟಾರಿಯೊ

ಗಾಡಿ ರಿಪೇರಿ ಗೊತ್ತಿರುವವರು ಸ್ವಲ್ಪ ಸಮಯ ಕೊಟ್ಟು ಓದಿ. ಉದ್ದ ಬರೆದಿದ್ದೇನೆ. ಅರ್ಧಂಬರ್ಧ ಹೇಳಿದರೆ "ಇನ್ನೂ ವಿವರ ಕೊಡಿ" ಅಂತ ನೀವೇ ಕೇಳುತ್ತೀರಿ, ಅದಕ್ಕೆ.

ನಮ್ಮದು 2005ರ ಡಾಡ್ಜ್ ಗ್ರ್ಯಾಂಡ್ ಕ್ಯಾರವಾನ್. 3.3 ಲೀಟರ್ ಎಂಜಿನ್, ನಾಲ್ಕು ಗೇರ್‌ನ ಆಟೋಮ್ಯಾಟಿಕ್. ಮೀಟರ್ 2,68,000 ಕಿಲೋಮೀಟರ್ ದಾಟಿದೆ. ಬಾಗಿಲ ಕೆಳಗೆಲ್ಲ ತುಕ್ಕು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದರ ಪ್ರಸಾದ. ಎಂಜಿನ್ ಮಾತ್ರ ಗಟ್ಟಿಮುಟ್ಟಾಗಿದೆ, ಆಯಿಲ್ ಕುಡಿಯುವ ಚಟ ಇಲ್ಲ.

ನಾನು ಅರಸೀಕೆರೆ ಕಡೆಯವಳು. ಇಲ್ಲಿ ಯೂನಿವರ್ಸಿಟಿ ಹುಡುಗರಿಗೆ, ಕೆಲವು ಮನೆಗಳಿಗೆ ಊಟದ ಡಬ್ಬಿ ಕೊಡುತ್ತೇನೆ. ಮುದ್ದೆ ಬಸ್ಸಾರು ಇರುವ ದಿನ ಮಂಡ್ಯದ ಹುಡುಗರು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಈ ಕೆಲಸಕ್ಕೆ ಈ ವ್ಯಾನ್ ಯಾಕೆ ಬೇಕು ಅಂದರೆ, ಇದರ ಹಿಂದಿನ ಸೀಟುಗಳನ್ನು ಮಡಚಿ ನೆಲದೊಳಗೇ ಇಳಿಸಿಬಿಡಬಹುದು. ಈ ಕಂಪನಿ 2005ರ ಮಾಡೆಲ್‌ಗೇ ಇದನ್ನು ಮೊದಲು ತಂದದ್ದು. ಸೀಟು ಇಳಿಸಿದರೆ ಹಿಂದೆ ಪೂರ್ತಿ ಸಮತಟ್ಟು. ಸಾರಿನ ದೊಡ್ಡ ಪಾತ್ರೆಯನ್ನು ಕ್ರೇಟಿನಲ್ಲಿ ಕೂರಿಸಿ ಪಕ್ಕಕ್ಕೆ ಅಕ್ಕಿ ಮೂಟೆ ಒತ್ತಿಟ್ಟರೆ ಅಲ್ಲಾಡುವುದಿಲ್ಲ. ಎಸ್‌ಯುವಿ ತಗೊಳ್ಳಿ ಅನ್ನುವವರು ಮೊದಲು ಆ ಪಾತ್ರೆಯನ್ನು ಅದರ ಡಿಕ್ಕಿ ಎತ್ತರಕ್ಕೆ ಎತ್ತಿ ತೋರಿಸಲಿ.

ಈಗ ತೊಂದರೆ ಏನು ಅಂತ ಹೇಳುತ್ತೇನೆ. ಬೆಳಿಗ್ಗೆ ತಣ್ಣಗಿರುವಾಗ ಏನೂ ಇಲ್ಲ, ಗೇರ್ ಎಲ್ಲ ಸರಿಯಾಗಿ ಬೀಳುತ್ತವೆ. ಒಂದಷ್ಟು ಹೊತ್ತು ಓಡಿದ ಮೇಲೆ, ಅದರಲ್ಲೂ ಹಿಮ ಕರಗಿ ರಸ್ತೆ ರಾಡಿಯಾಗಿರುವ ದಿನ, ಸ್ಪೀಡೋಮೀಟರ್ ಮುಳ್ಳು ಒಮ್ಮೆ ನಡುಗುತ್ತದೆ. ಆಮೇಲೆ ಸೀದಾ ಸೊನ್ನೆಗೆ ಬೀಳುತ್ತದೆ. ಗಾಡಿ ಓಡುತ್ತಲೇ ಇರುತ್ತದೆ! ಮರುಕ್ಷಣ ಧಡ್ ಅಂತ ಒಂದು ಹೊಡೆತ, ಎಂಜಿನ್ ಕಿರುಚಲು ಶುರು. ಚೆಕ್ ಎಂಜಿನ್ ದೀಪ ಹತ್ತುತ್ತದೆ. ಅಲ್ಲಿಂದ ಮುಂದೆ ಗೇರ್ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಎಳೆಯಲು ತಿಣುಕುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಕೀ ತೆಗೆದು, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವಂತೆ ಓಡುತ್ತದೆ. ಸ್ವಲ್ಪ ದೂರ ಮಾತ್ರ.

ಹ್ಯೂರಾನ್ ಚರ್ಚ್ ರಸ್ತೆ ಗೊತ್ತಿರುವವರಿಗೆ ಗೊತ್ತು. ಅಂಬಾಸಡರ್ ಸೇತುವೆ ಕಡೆಗೆ ಹೋಗುವ ಲಾರಿಗಳೆಲ್ಲ ಅಲ್ಲೇ. ಹಿಂದೆ ಹದಿನೆಂಟು ಚಕ್ರದ ಟ್ರಕ್ಕು ಹಾರ್ನ್ ಹೊಡೆಯುತ್ತಿರುವಾಗ ಗಾಡಿ ಹೀಗೆ ಮಾಡಿದರೆ ಎದೆ ಬಾಯಿಗೆ ಬರುತ್ತದೆ.

ಒಂದು ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ. ಸ್ಟಿಯರಿಂಗ್ ಕೆಳಗೆ ಅಂಗೈಯಗಲದ ಒಂದು ಯಂತ್ರ ಚುಚ್ಚಿದರು. "ಪಿ0700 ಬಂದಿದೆ. ಟ್ರಾನ್ಸ್‌ಮಿಷನ್ ಮುಗಿದಿದೆ. ಬಿಚ್ಚಿ ಹೊಸದಾಗಿ ಕಟ್ಟಬೇಕು, 3,800 ಡಾಲರ್, ಮೇಲೆ 13% ತೆರಿಗೆ" ಅಂದರು. ಗಾಡಿ ಓಡಿಸಿ ನೋಡಲಿಲ್ಲ. ಎತ್ತಿ ಕೆಳಗೆ ಇಣುಕಲಿಲ್ಲ. ಆಯಿಲ್ ಕಡ್ಡಿಯನ್ನೂ ಎಳೆದು ನೋಡಲಿಲ್ಲ. ಆ ದುಡ್ಡಿಗೆ ಇಂಥವೇ ಎರಡು ಗಾಡಿ ಬರುತ್ತವೆ.

ನಮ್ಮನೆಯವರು ಹೊಸದು ಲೀಸ್‌ಗೆ ತಗೊಳ್ಳೋಣ ಅಂತ ಕೂತಿದ್ದಾರೆ. ಡಬ್ಬಿ ಮಾರಿ ತಿಂಗಳ ಕಂತು ಕಟ್ಟುವುದು ನನಗೆ ಬೇಡ. ಹಾಗಂತ ಸತ್ತ ಗಾಡಿಗೆ ದುಡ್ಡು ಸುರಿಯುವುದೂ ಬೇಡ.

ನನ್ನ ಪ್ರಶ್ನೆ ಇಷ್ಟೇ. ಗೇರ್‌ಬಾಕ್ಸ್ ನಿಜಕ್ಕೂ ಹೋಗಿದ್ದರೆ ಕೀ ತೆಗೆದು ಹಾಕಿದ ಕೂಡಲೇ ಹೇಗೆ ಸರಿಯಾಗುತ್ತದೆ? ಸವೆದ ಕ್ಲಚ್ಚಿಗೆ ಕೀ ತಿರುಗಿಸಿದ್ದು ಗೊತ್ತಾಗುತ್ತದಾ? ರಿಪೇರಿ ಆಗುವವರೆಗೆ ಊರೊಳಗೆ ಓಡಿಸಬಹುದಾ? ಅಂಗಡಿಯಲ್ಲಿ "ಗೇರ್‌ಬಾಕ್ಸ್ ಸರಿಮಾಡುವ" ಬಾಟಲಿ ಮಾರುತ್ತಾರಲ್ಲ, ಅದನ್ನು ಸುರಿದು ನೋಡಲಾ?

ಮಿಸಿಸಾಗಾ ಮಂಜು

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ಹಳೆ ಗಾಡಿಗೆ ಒಂದು ಡಾಲರ್ ಹಾಕಿದರೂ ದಂಡ. ಗುಜರಿಗೆ ಕೊಟ್ಟುಬಿಡಿ, ಅವರೇ ಬಂದು ಎತ್ತಿಕೊಂಡು ಹೋಗುತ್ತಾರೆ. ಕೈಗೆ ಒಂದಷ್ಟು ದುಡ್ಡೂ ಬರುತ್ತದೆ. ಬಾಟಲಿ ಮಾತ್ರ ಸುರಿಯಬೇಡಿ. ನಮ್ಮ ಬಾವ ಸುರಿದರು, ಮೊದಲು ಜಾರುತ್ತಿದ್ದ ಗೇರು ಆಮೇಲೆ ಬೀಳಲೇ ಇಲ್ಲ.

ಹುಬ್ಬಳ್ಳಿ ಸ್ಪ್ಯಾನರ್, ಟ್ರಾಯ್, ಮಿಷಿಗನ್

ಅಕ್ಕಾ, ಗುಜರಿಗೆ ಫೋನ್ ಮಾಡಬೇಡಿ. ಮಂಜು ಅವರೇ, ಸ್ವಲ್ಪ ತಡೀರಿ.

ನಾನು ಡೆಟ್ರಾಯ್ಟ್ ನದಿಯ ಈಚೆ, ಅಮೆರಿಕದ ಕಡೆ ಇದ್ದೇನೆ. ಹುಬ್ಬಳ್ಳಿಯಲ್ಲಿ ಲಾರಿ ಗೇರ್‌ಬಾಕ್ಸ್ ಬಿಚ್ಚುತ್ತಾ ಕೆಲಸ ಕಲಿತೆ. ಇಲ್ಲಿಗೆ ಬಂದ ಮೇಲೆ ಬಹಳ ವರ್ಷ ಆಟೋಮ್ಯಾಟಿಕ್‌ಗಳನ್ನೇ ಬಿಚ್ಚಿ ಜೋಡಿಸಿದ್ದೇನೆ. ನಿಮ್ಮ ವ್ಯಾನಿನಲ್ಲಿರುವುದು 41ಟಿಇ ಅನ್ನುವ ಗೇರ್‌ಬಾಕ್ಸ್. ಇಂಡಿಯಾನಾದ ಕೊಕೊಮೊದಲ್ಲಿ ತಯಾರಾದದ್ದು. ಗಾಡಿಯ ವಿಐಎನ್ ನಂಬರು (ಪ್ಲೇಟಿನದಲ್ಲ, ಕಂಪನಿ ಕೊಟ್ಟದ್ದು) 2ರಿಂದ ಶುರುವಾಗಿ, ಹನ್ನೊಂದನೇ ಅಕ್ಷರ ಆರ್ ಇದ್ದರೆ ಗಾಡಿ ನಿಮ್ಮ ವಿಂಡ್ಸರ್ ಕಾರ್ಖಾನೆಯಲ್ಲೇ ಹುಟ್ಟಿದ್ದು. 1983ರಿಂದ ಅಲ್ಲಿ ಮಿನಿವ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಬೀದಿಯಲ್ಲೇ ಈ ಗಾಡಿಗೆ ಬೋಲ್ಟ್ ಬಿಗಿದ ಯಾರೋ ಒಬ್ಬರು ಇದ್ದರೂ ಇರಬಹುದು.

ನಿಮ್ಮ ಮೊದಲ ಪ್ರಶ್ನೆಯಲ್ಲೇ ಉತ್ತರ ಇದೆ. ಸವೆದ ಕ್ಲಚ್ಚಿಗೆ ಕೀ ತಿರುಗಿಸಿದ್ದು ಗೊತ್ತಾಗುವುದಿಲ್ಲ. ಕಂಪ್ಯೂಟರ್‌ಗೆ ಗೊತ್ತಾಗುತ್ತದೆ.

ಈ ಗೇರ್‌ಬಾಕ್ಸ್ 1989ರಲ್ಲಿ ಬಂತು. ಗೇರ್ ಬದಲಿಸುವ ಕೆಲಸ ಪೂರ್ತಿ ಕಂಪ್ಯೂಟರಿನದು. ಆಯಿಲ್ ಒತ್ತಡದಿಂದ ಕ್ಲಚ್‌ಗಳು ಕೂರುತ್ತವೆ, ಆ ಆಯಿಲ್‌ಗೆ ದಾರಿ ಬಿಡುವುದು ಸೊಲೆನಾಯ್ಡ್ ಅನ್ನುವ ಕರೆಂಟ್ ಕವಾಟ‌ಗಳು, ಸೊಲೆನಾಯ್ಡ್‌ಗೆ ಕರೆಂಟ್ ಕೊಡುವುದು ಕಂಪ್ಯೂಟರ್. ಅದಕ್ಕೆ ಎರಡು ಕಣ್ಣು ಬೇಕು. ಒಂದು ಸೆನ್ಸರ್ ಗೇರ್‌ಬಾಕ್ಸಿನ ಒಳಗೆ ಬರುವ ಶಾಫ್ಟಿನ ವೇಗ ನೋಡುತ್ತದೆ. ಇನ್ನೊಂದು ಹೊರಗೆ ಚಕ್ರದ ಕಡೆ ಹೋಗುವ ವೇಗ ನೋಡುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಈಗ ಯಾವ ಗೇರ್ ಅಂತ ಗೊತ್ತಾಗುತ್ತದೆ. ಮೊದಲನೇ ಗೇರ್ 2.84, ಎರಡನೆಯದು 1.57, ಮೂರನೆಯದು 1, ನಾಲ್ಕನೆಯದು 0.69. ಲೆಕ್ಕ ಇದಕ್ಕೆ ತಾಳೆ ಆಗಲಿಲ್ಲ ಅನ್ನಿ, ಕಂಪ್ಯೂಟರ್ ಹೆದರುತ್ತದೆ. ಸೊಲೆನಾಯ್ಡ್‌ಗಳ ಕರೆಂಟನ್ನೇ ಕತ್ತರಿಸಿಬಿಡುತ್ತದೆ. ಕರೆಂಟ್ ಇಲ್ಲದಿದ್ದಾಗ ಆಯಿಲ್ ತಾನಾಗಿ ಹರಿಯುವ ದಾರಿ ಎರಡನೇ ಗೇರಿನದು. ಪಾರ್ಕ್, ನ್ಯೂಟ್ರಲ್, ರಿವರ್ಸ್ ಮತ್ತು ಎರಡನೇ ಗೇರ್ ಬಿಟ್ಟರೆ ಬೇರೆ ಸಿಗುವುದಿಲ್ಲ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಮನೆಯಲ್ಲಿ ಫ್ಯೂಸ್ ಹಾರಿದ ಹಾಗೆ. ಫ್ಯೂಸ್ ಹಾರಿತು ಅಂತ ಮನೆ ಕೆಡವುತ್ತೀರಾ? ಯಾಕೆ ಹಾರಿತು ಅಂತ ನೋಡುತ್ತೀರಿ. ಕೀ ತೆಗೆದು ಹಾಕಿದಾಗ ಕಂಪ್ಯೂಟರ್ ಹೊಸದಾಗಿ ಶುರು ಮಾಡುತ್ತದೆ, ಮತ್ತೆ ತಪ್ಪು ಕಾಣುವವರೆಗೆ ಓಡಿಸುತ್ತದೆ.

ಹೆದ್ದಾರಿಯಲ್ಲಿ ಹೀಗಾದರೆ ಎಂಜಿನ್ ಯಾಕೆ ಕಿರುಚುತ್ತದೆ ಅಂತಲೂ ಇದೇ ಲೆಕ್ಕ ಹೇಳುತ್ತದೆ. 0.69ರಿಂದ 1.57ಕ್ಕೆ ಬಿದ್ದರೆ ಅದೇ ವೇಗಕ್ಕೆ ಎಂಜಿನ್ ಎರಡೂಕಾಲು ಪಟ್ಟು ತಿರುಗಬೇಕು. 2,000 ಸುತ್ತು ಇದ್ದದ್ದು 4,500 ದಾಟುತ್ತದೆ. ಆದ್ದರಿಂದ 401 ಹೆದ್ದಾರಿಗೆ ಸದ್ಯ ಹತ್ತಲೇಬೇಡಿ. ಊರೊಳಗೆ 50, 60ರಲ್ಲಿ, ತೀರಾ ಬೇಕಾದಾಗ, ಮನೆ ಮುಟ್ಟಿಸಲು ಎರಡನೇ ಗೇರಿನಲ್ಲೇ ಓಡಿಸಬಹುದು. ಆ ಮೋಡ್ ಇರುವುದೇ ಅದಕ್ಕೆ. ನಿಂತೇಬಿಟ್ಟರೆ ಟೋ ಮಾಡುವವರಿಗೆ ಹೇಳಿ: ಮುಂದಿನ ಚಕ್ರ ಎತ್ತಿ, ಇಲ್ಲವೇ ಪೂರ್ತಿ ಗಾಡಿಯನ್ನೇ ಹಲಗೆ ಲಾರಿ ಮೇಲೆ ಏರಿಸಿ. ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಒಳಗಿನ ಪಂಪ್ ತಿರುಗದೆ, ಆಯಿಲ್ ಇಲ್ಲದೆ, ಒಳ್ಳೆ ಗೇರ್‌ಬಾಕ್ಸೂ ಸಾಯುತ್ತದೆ.

ಇನ್ನು ಪಿ0700. ಅದು ಕಾಯಿಲೆಯ ಹೆಸರಲ್ಲ. "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಅದನ್ನೇ ಕೇಳಿ" ಅಂತ ಎಂಜಿನ್ ಕಂಪ್ಯೂಟರ್ ಕೊಡುವ ಚೀಟಿ, ಅಷ್ಟೇ. ಅಗ್ಗದ ರೀಡರ್‌ಗಳು ಆ ಚೀಟಿ ಓದಿ ನಿಲ್ಲುತ್ತವೆ. ಗೇರ್‌ಬಾಕ್ಸ್ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಬೇಕು. ಆ ಒಂದು ಕೋಡ್ ನೋಡಿ 3,800 ಹೇಳಿದವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ನೀವೇ ಹೇಳಿಕೊಂಡಿದ್ದೀರಿ.

ನನ್ನ ಅನುಮಾನ ಎಲ್ಲಿದೆ ಅಂದರೆ, ನಿಮ್ಮ ಸ್ಪೀಡೋಮೀಟರ್ ಮುಳ್ಳಿನಲ್ಲಿ. ಈ ಗಾಡಿಯಲ್ಲಿ ಸ್ಪೀಡೋಮೀಟರ್‌ಗೆ ವೇಗ ಹೇಳುವುದು ಆ ಹೊರಗಿನ ಸೆನ್ಸರೇ. ಗಾಡಿ ಓಡುತ್ತಿದೆ, ಮುಳ್ಳು ಮೊದಲು ಸೊನ್ನೆಗೆ ಬಿತ್ತು, ಆಮೇಲೆ ಹೊಡೆತ. ಈ ಕ್ರಮ ಮುಖ್ಯ. ಕ್ಲಚ್ ಜಾರಿದ್ದರೆ ಎಂಜಿನ್ ಮೊದಲು ಏರುತ್ತಿತ್ತು, ಮುಳ್ಳು ಅಲ್ಲಾಡುತ್ತಿರಲಿಲ್ಲ. ಜೊತೆಗೆ ರಾಡಿ ದಿನ ಜಾಸ್ತಿ ಅನ್ನುತ್ತೀರಿ. ಎರಡೂ ಸೆನ್ಸರ್‌ಗಳು ಗೇರ್‌ಬಾಕ್ಸಿನ ಮೈಗೆ ಹೊರಗಿನಿಂದ ತಿರುಚಿ ಕೂರಿಸಿದವು. ಉಪ್ಪುನೀರು ಎರಚಾಡುವ ಜಾಗ. ಡ್ರೈವರ್ ಕಡೆ ಮುಂದಿನ ಚಕ್ರ ಬಿಚ್ಚಿ ಕೈ ಹಾಕಿದರೆ ಸಿಗುತ್ತವೆ.

ಈಗ ಮನೆಯಲ್ಲೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಬೇಗ ಬೇಗ ಆನ್, ಆಫ್, ಆನ್, ಆಫ್, ಆನ್ ಮಾಡಿ ಬಿಡಿ. ಕಿಲೋಮೀಟರ್ ತೋರಿಸುವ ಜಾಗದಲ್ಲಿ ಕೋಡ್‌ಗಳು ಒಂದೊಂದಾಗಿ ಬರುತ್ತವೆ. ಬರೆದುಕೊಳ್ಳಿ. ಪಿ0715 ಅಂದರೆ ಒಳಗಿನ ಸೆನ್ಸರ್, ಪಿ0720 ಅಂದರೆ ಹೊರಗಿನದು. ಪಿ0731ರಿಂದ ಪಿ0734 ಬಂದರೆ ಮಾತ್ರ ಗೇರ್ ಜಾರುತ್ತಿರಬಹುದು ಅಂತ ತಲೆ ಕೆಡಿಸಿಕೊಳ್ಳಬೇಕು. ಬರೀ ಪಿ0700 ಬಂದರೆ ಸ್ಕ್ಯಾನರ್ ಇರುವವರನ್ನು ಹುಡುಕಬೇಕು.

ಬ್ಯಾಟರಿ ಎಷ್ಟು ಹಳೆಯದು? ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆಯಾ? ವೋಲ್ಟೇಜ್ ಬಿದ್ದರೆ ಈ ಕಂಪ್ಯೂಟರ್ ಇಲ್ಲದ ರೋಗಗಳನ್ನೆಲ್ಲ ಹೇಳುತ್ತದೆ.

ಕಡ್ಡಿ ಇದ್ದರೆ ಗೇರ್ ಆಯಿಲ್ ನೋಡಿ. ಕೆಲವು ವರ್ಷದ ಗಾಡಿಗಳಲ್ಲಿ ಬರೀ ಮುಚ್ಚಳ ಇರುತ್ತದೆ. ಗಾಡಿ ಬಿಸಿಯಾಗಿರಬೇಕು, ಸಮ ಜಾಗದಲ್ಲಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿರಬೇಕು. ಬಣ್ಣ ಕೆಂಪಿಲ್ಲ, ಕಂದಾಗಿದೆ ಅಂತ ಗಾಬರಿ ಬೇಡ. ಇದಕ್ಕೆ ಹಾಕುವ ಎಟಿಎಫ್+4 ಆಯಿಲಿನ ಕೆಂಪು ನಿಲ್ಲುವುದಿಲ್ಲ, ಅದರ ಗುಣವೇ ಹಾಗೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು, ಬೆರಳಿನಲ್ಲಿ ತಿಕ್ಕಿ. ಮರಳು ಮರಳಾಗಿ ತಗಲುತ್ತದಾ, ಕಪ್ಪು ಕಣ ಇದೆಯಾ, ಅದನ್ನು ಹೇಳಿ.

ಮತ್ತೆ, "ಎಲ್ಲ ಗಾಡಿಗೂ ಆಗುತ್ತದೆ" ಅಂತ ಬರೆದಿರುವ ಆಯಿಲ್ ಹಾಕಿಸಿಕೊಳ್ಳಬೇಡಿ. ಶುರುವಿನ ವರ್ಷಗಳಲ್ಲಿ ಈ ಗೇರ್‌ಬಾಕ್ಸಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ತಪ್ಪು ಆಯಿಲಿನ ಪಾಲೂ ಇದೆ. ಡೆಕ್ಸ್ರಾನ್ ಅನ್ನುವ ಬೇರೆ ಜಾತಿಯ ಆಯಿಲ್ ಸುರಿದವರ ಗಾಡಿಗಳು ಗಡಗಡ ನಡುಗುತ್ತಾ ಬರುತ್ತಿದ್ದವು.

ಜಯನಗರ ಜಗ್ಗಿ

ಇಲ್ಲಿ ಬೆಂಗಳೂರಿನಲ್ಲಿ ನಮ್ಮ ಆಟೋಮ್ಯಾಟಿಕ್ ಕಾರು ಹೀಗೇ ಜರ್ಕ್ ಹೊಡೆಯುತ್ತಿತ್ತು. ಕ್ಲಚ್ ಪ್ಲೇಟ್ ಬದಲಿಸಿ, ಆಕ್ಚುಯೇಟರ್ ಸೆಟ್ ಮಾಡಿಕೊಟ್ಟರು, ಸರಿಹೋಯ್ತು. ಖರ್ಚು ಅಷ್ಟೇನೂ ಆಗಲಿಲ್ಲ. ಮೇಡಂ ಅದನ್ನೇ ಮಾಡಿಸಬಹುದಲ್ವಾ? ಇಷ್ಟೆಲ್ಲ ಲೆಕ್ಕ ಯಾಕೆ?

ಹುಬ್ಬಳ್ಳಿ ಸ್ಪ್ಯಾನರ್

ಜಗ್ಗಿ ಅವರೇ, ನಿಮ್ಮದು ಎಎಂಟಿ ಇರಬೇಕು. 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯ ಆಯ್ತಲ್ಲ, ಆ ಜಾತಿ. ಅದು ಮಾಮೂಲಿ ಗೇರ್‌ಬಾಕ್ಸೇ. ನಿಮ್ಮ ಕಾಲು, ಕೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಕ್ಲಚ್ ಪ್ಲೇಟ್ ಒಂದೇ, ಹೊರಗೆ ಇಳಿಸಿ ಬದಲಿಸಬಹುದು. ಅಕ್ಕನ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ, ಆಯಿಲ್ ಮೂಲಕವೇ ಬಲ ದಾಟುತ್ತದೆ. ಒಳಗೆ ಆಯಿಲಿನಲ್ಲಿ ಮುಳುಗಿದ ಕ್ಲಚ್ ಕಟ್ಟುಗಳು ಐದು. ಒಂದನ್ನು ಮುಟ್ಟಬೇಕಾದರೂ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಅದಕ್ಕೇ ಇಲ್ಲಿ ಲೆಕ್ಕ ಮೊದಲು, ಸ್ಪ್ಯಾನರ್ ಆಮೇಲೆ.

ಡಬ್ಬಿ ಅಕ್ಕ

ಸ್ಪ್ಯಾನರ್ ಅಣ್ಣಾ, ನಿಮಗೆ ಹೋಳಿಗೆ ಬಾಕಿ ಇದೆ.

ಕೀ ಆಟ ಆಡಿದೆ. ಪಕ್ಕದಲ್ಲಿ ಕೂತ ಮಗಳು, "ಅಮ್ಮಾ, ಕಾರಿಗೆ ಹುಚ್ಚು ಹಿಡಿಸುತ್ತಿದ್ದೀಯಾ" ಅಂದಳು. ಕಿಲೋಮೀಟರ್ ಜಾಗದಲ್ಲಿ ಪಿ0700 ಬಂತು, ಆಮೇಲೆ ಮುಗಿಯಿತು ಅಂತ ತೋರಿಸಿತು. ಬೇರೆ ಏನೂ ಇಲ್ಲ. ಬ್ಯಾಟರಿ ಕಳೆದ ವರ್ಷದ್ದು, ಟರ್ಮಿನಲ್ ಚೊಕ್ಕ ಇದೆ.

ನನ್ನದರಲ್ಲಿ ಕಡ್ಡಿ ಇದೆ. ಆಯಿಲ್ ಮಟ್ಟ ಸರಿಯಾಗೇ ಇದೆ. ಬಣ್ಣ ಕಾಫಿ ಡಿಕಾಕ್ಷನ್ನಿಗೆ ಹತ್ತಿರ. ಬೆರಳಿಗೆ ಮರಳು ತಗಲಲಿಲ್ಲ. ಸುಟ್ಟ ವಾಸನೆ ಇದೆಯಾ ಅಂತ ನಮ್ಮನೆಯವರಿಗೆ ಮೂಸಲು ಕೊಟ್ಟೆ. ಅವರು "ನನಗೆ ಹೊಸ ಗಾಡಿಯ ವಾಸನೆ ಮಾತ್ರ ಗೊತ್ತು" ಅಂದರು. ಅವರನ್ನು ಬಿಡಿ.

ಡಬ್ಬಿ ತಗೊಳ್ಳುವ ಹುಡುಗನೊಬ್ಬ ಇಲ್ಲಿ ಆಟೋಮೊಬೈಲ್ ಓದುತ್ತಿದ್ದಾನೆ, ಅವನ ಪರಿಚಯದ ಒಂದು ಚಿಕ್ಕ ಗ್ಯಾರೇಜಿನಲ್ಲಿ ದೊಡ್ಡ ಸ್ಕ್ಯಾನರ್ ಇದೆಯಂತೆ. ನಾಳೆ ಹೋಗುತ್ತೇನೆ. ಅಲ್ಲಿ ಏನು ಕೇಳಬೇಕು ಅಂತ ಹೇಳಿ. ನಾನು ಹೆಂಗಸು ಅಂತ ಅವರು ಏನೋ ಹೇಳಿ ಕಳಿಸಬಾರದು.

ಹುಬ್ಬಳ್ಳಿ ಸ್ಪ್ಯಾನರ್

ಬಹಳ ಕೇಳಬೇಡಿ, ಎರಡೇ ಕೇಳಿ. ಗೇರ್‌ಬಾಕ್ಸ್ ಕಂಪ್ಯೂಟರಿನ ಕೋಡ್ ಯಾವುದು ಅಂತ ಒಂದು. ಇನ್ನೊಂದು, ಕ್ಲಚ್ ವಾಲ್ಯೂಮ್ ಅಂಕಿಗಳನ್ನು ತೋರಿಸಿ ಅನ್ನಿ. ಇದನ್ನು ಕೇಳಿದ ಕೂಡಲೇ ಎದುರಿನವರ ದನಿ ಬದಲಾಗುತ್ತದೆ, ನೋಡಿ.

ಆ ಅಂಕಿ ಏನು ಅಂದರೆ, ಒಂದೊಂದು ಕ್ಲಚ್ ಪೂರ್ತಿ ಕೂರಲು ಎಷ್ಟು ಆಯಿಲ್ ಬೇಕಾಗುತ್ತದೆ ಅಂತ ಕಂಪ್ಯೂಟರ್ ಓಡುತ್ತಾ ಓಡುತ್ತಾ ಕಲಿತುಕೊಳ್ಳುತ್ತದೆ. ಕ್ಲಚ್ ಸವೆದಷ್ಟೂ ಜಾಗ ಜಾಸ್ತಿ, ಜಾಗ ಜಾಸ್ತಿಯಾದಷ್ಟೂ ಆಯಿಲ್ ಜಾಸ್ತಿ, ಅಂಕಿ ಮೇಲೇರುತ್ತದೆ. ಗೇರ್‌ಬಾಕ್ಸ್ ಬಿಚ್ಚದೆ ಒಳಗಿನ ಸವೆತ ಕಾಣುವುದು ಹೀಗೆ. ಐದು ಕ್ಲಚ್ಚಿನಲ್ಲಿ ನಾಲ್ಕಕ್ಕೆ ಅಂಕಿ ಇರುತ್ತವೆ: ಲೋ-ರಿವರ್ಸ್, ಎರಡು-ನಾಲ್ಕು, ಓವರ್‌ಡ್ರೈವ್, ಅಂಡರ್‌ಡ್ರೈವ್. ಫೋಟೊ ತೆಗೆದುಕೊಳ್ಳಿ.

ಸೆನ್ಸರ್ ಅಂತ ಖಾತ್ರಿಯಾದರೆ ಕಂಪನಿಯದ್ದೇ ಹಾಕಿಸಿ, ಅಗ್ಗದ್ದು ಬೇಡ. ಬಿಚ್ಚಲು ಒಂದಿಂಚಿನ ಅಳತೆಯ, ಉದ್ದನೆ ಜಾತಿಯ ಸಾಕೆಟ್ ಬೇಕು. ಬಿಚ್ಚಿದಾಗ ಸ್ವಲ್ಪ ಆಯಿಲ್ ಸುರಿಯುತ್ತದೆ, ಅದು ಮಾಮೂಲು. ವೈರಿನ ಪ್ಲಗ್ ನೋಡದೆ ಸೆನ್ಸರ್ ಮಾತ್ರ ಬದಲಿಸಿದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ.

ಎಡ್ಮಂಟನ್ ಉಮೇಶ

ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಹಳೆ ಹೋಂಡಾ ಒಡಿಸ್ಸಿ ಇದೆ. ಅದಕ್ಕೂ ಇದೇ ಸೆನ್ಸರ್ ಕಥೆ ಹೊಂದುತ್ತದಾ? ಫ್ಲಶ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಹುಬ್ಬಳ್ಳಿ ಸ್ಪ್ಯಾನರ್

ಹೊಂದುವುದಿಲ್ಲ. ಅದರ ಒಳಗಿನ ಕಟ್ಟೇ ಬೇರೆ, ಆಯಿಲೂ ಬೇರೆ. ಆಯಿಲ್ ನೋಡುವ ರೀತಿ ಕೂಡ ಬೇರೆ: ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ ನೋಡಬೇಕು. 2002ರಿಂದ 2004ರ ಒಡಿಸ್ಸಿ ಆದರೆ, ಎರಡನೇ ಗೇರ್ ಬಿಸಿಯಾಗುವ ಸಮಸ್ಯೆಗೆ 2004ರಲ್ಲಿ ರೀಕಾಲ್ ಆಗಿತ್ತು. ನಿಮ್ಮ ಗಾಡಿಗೆ ಆ ಕೆಲಸ ಆಗಿದೆಯಾ ಅಂತ ವಿಐಎನ್ ನಂಬರು ಕೊಟ್ಟು ವಿಚಾರಿಸಿ. ಫ್ಲಶ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಒತ್ತಡದ ಯಂತ್ರ ಹಚ್ಚಿ ತೊಳೆಯುವುದು ಬೇಡ. ಇದ್ದ ಆಯಿಲ್ ಇಳಿಸಿ, ಅಷ್ಟೇ ಹೊಸದು ಹಾಕಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ. ಜಾಸ್ತಿ ಹೇಳಬೇಕಾದರೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಅಕ್ಕನ ಗಾಡಿ ನಿಂತಿದೆ.

ಡಬ್ಬಿ ಅಕ್ಕ

ಹೋಗಿ ಬಂದೆ. ಎಲ್ಲ ಹೇಳುತ್ತೇನೆ.

ಗ್ಯಾರೇಜಿನವರು ವಯಸ್ಸಾದ ಪೋಲಿಷ್ ಮನುಷ್ಯ. ಕ್ಲಚ್ ವಾಲ್ಯೂಮ್ ತೋರಿಸಿ ಅಂದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದರು. ಅಣ್ಣ ಅಂದೆ.

ಕೋಡ್ ಪಿ0720. ನೀವು ಹೇಳಿದ್ದೇ!

ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಹೊದಿಕೆ ಸರಿಸಿ, ನನಗೆ ಟಾರ್ಚ್ ಕೊಟ್ಟು ತೋರಿಸಿದರು. ಎರಡು ಸೆನ್ಸರ್, ಒಂದರ ಪ್ಲಗ್ ತೆಗೆದರೆ ಒಣಗಿದೆ, ಪಿನ್ ಎರಡೂ ಹೊಳೆಯುತ್ತಿವೆ. ಇನ್ನೊಂದರ ಪ್ಲಗ್ ಬರಲೇ ಒಲ್ಲೆ ಅಂತು. ಎಳೆದಾಗ ಒಳಗಿನಿಂದ ಹಸಿರು ಪುಡಿ ಉದುರಿತು. ಒಂದು ಪಿನ್ ಅರ್ಧಕ್ಕೇ ತಿಂದುಹೋಗಿತ್ತು. ಪ್ಲಗ್‌ನ ರಬ್ಬರ್ ಸೀಲು ಒಂದು ಕಡೆ ಸೀಳಿತ್ತು, ನೀರು ಹೋಗುತ್ತಿದ್ದದ್ದು ಅಲ್ಲಿಂದ. ಇಷ್ಟು ಚಿಕ್ಕ ಪಿನ್ನು ಅಷ್ಟು ದೊಡ್ಡ ಗಾಡಿಯನ್ನು ಲಾರಿ ಮುಂದೆ ನಿಲ್ಲಿಸುತ್ತಿತ್ತಲ್ಲ!

ಹೊಸ ಸೆನ್ಸರ್ ಹಾಕಿದರು. ಹಳೆ ಪ್ಲಗ್ ಕತ್ತರಿಸಿ, ವೈರು ಸೇರಿಸಿ, ಹೊಸ ಪ್ಲಗ್ ಕೂರಿಸಿ, ಗ್ರೀಸ್ ತುಂಬಿದರು. ನಾನು ಅಲ್ಲೇ ನಿಂತಿದ್ದೆ. ಗೇರ್‌ಬಾಕ್ಸಿನ ತಳದ ಆಯಿಲ್ ಪ್ಯಾನ್ ಕೂಡ ಇಳಿಸಿ ಫಿಲ್ಟರ್ ಬದಲಿಸಿ ಅಂದೆ. ಈ ಗಾಡಿಗೆ ಪ್ಯಾನಿನ ಗ್ಯಾಸ್ಕೆಟ್ ಬರುವುದಿಲ್ಲವಂತೆ, ಪೇಸ್ಟ್ ಹಚ್ಚಿ ಕೂರಿಸುತ್ತಾರೆ. ಪ್ಯಾನಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ಕೆಸರು ಇತ್ತು. ಬೆರಳಿನಲ್ಲಿ ತೆಗೆದರೆ ನುಣ್ಣಗೆ, ಚೂರು ಗೀರು ಏನೂ ಸಿಗಲಿಲ್ಲ. ಇದು ವಯಸ್ಸಿಗೆ ತಕ್ಕದ್ದು ಅಂದರು. ತಳದಲ್ಲಿ ಮಾತ್ರ ಸ್ವಲ್ಪ ಕಪ್ಪು ಪುಡಿ ಇತ್ತು. ಅದನ್ನು ನೋಡಿ ಅವರು ಸುಮ್ನೆ ತಲೆ ಅಲ್ಲಾಡಿಸಿದರು, ನನಗೆ ಅದು ಹಿಡಿಸಲಿಲ್ಲ. ನಾಲ್ಕು ಲೀಟರಿನಷ್ಟು ಎಟಿಎಫ್+4 ಹಾಕಿದರು.

ನಾಲ್ಕು ಅಂಕಿಯ ಫೋಟೊ ನಿಮಗೆ ಮೆಸೇಜಿನಲ್ಲಿ ಕಳಿಸಿದ್ದೇನೆ. ಮೂರು ಪರವಾಗಿಲ್ಲ, ಓವರ್‌ಡ್ರೈವ್ ಜಾಸ್ತಿ ಇದೆ ಅಂದರು ಅವರು.

ಎಲ್ಲ ಸೇರಿ, ತೆರಿಗೆಯೂ ಸೇರಿ, 420 ಡಾಲರ್ ಆಯ್ತು. ಅಲ್ಲಿಂದ ಹ್ಯೂರಾನ್ ಚರ್ಚ್ ರಸ್ತೆಯಲ್ಲೇ ಬಂದೆ, ಬೇಕಂತಲೇ. ಮಳೆ ಬರುತ್ತಿತ್ತು. ಮುಳ್ಳು ಅಲುಗಲಿಲ್ಲ. ಗೇರ್ ಬದಲಾಗುವುದೇ ಗೊತ್ತಾಗಲಿಲ್ಲ.

ಮಂಜು, ಗುಜರಿಯವನಿಗೆ ನನ್ನ ನಮಸ್ಕಾರ ಹೇಳಿ.

ಮಿಸಿಸಾಗಾ ಮಂಜು

ಸರಿ ಅಕ್ಕಾ, ನಾನು ಸೋತೆ. ಆದರೆ ಆ ಓವರ್‌ಡ್ರೈವ್ ಅಂಕಿ ಜಾಸ್ತಿ ಇದೆ ಅಂದಿರಲ್ಲ, ಈಗ ಓಡುತ್ತಿರುವಾಗಲೇ ಮಾರಿಬಿಡುವುದು ಜಾಣತನ ಅಲ್ವಾ?

ಹುಬ್ಬಳ್ಳಿ ಸ್ಪ್ಯಾನರ್

ಫೋಟೊ ನೋಡಿದೆ ಅಕ್ಕಾ. ಆ ಪೋಲಿಷ್ ಅಜ್ಜ ಕೆಲಸ ಬಲ್ಲವರು, ಅವರನ್ನು ಬಿಡಬೇಡಿ.

ಲೋ-ರಿವರ್ಸ್, ಅಂಡರ್‌ಡ್ರೈವ್ ಎರಡೂ ಚೆನ್ನಾಗಿವೆ. ಎರಡು-ನಾಲ್ಕು ವಯಸ್ಸಿಗೆ ತಕ್ಕಂತಿದೆ. ಓವರ್‌ಡ್ರೈವ್ ಸವೆದಿದೆ, ಮುಗಿದಿಲ್ಲ. ಆ ಕಪ್ಪು ಪುಡಿ ಬಹುಶಃ ಅದರದ್ದೇ. ಈ ಕ್ಲಚ್ ಹಿಡಿಯುವುದು ಮೂರು ಮತ್ತು ನಾಲ್ಕನೇ ಗೇರಿನಲ್ಲಿ. ಅಂದರೆ ಹೆದ್ದಾರಿಯಲ್ಲಿ ಪೂರ್ತಿ ಹೊರೆ ಅದರ ಮೇಲೆ. ಡಬ್ಬಿ ತುಂಬಿಕೊಂಡು ಊರೊಳಗೆ ಓಡಾಡಲು ನನಗೆ ಭಯ ಇಲ್ಲ. ಬೇಸಿಗೆಯಲ್ಲಿ, ಏಳು ಜನ ಕೂತು, ಎಸಿ ಹಾಕಿ, ಟೊರೊಂಟೊವರೆಗೆ 370 ಕಿಲೋಮೀಟರ್ ಹೋಗುತ್ತೇನೆ ಅಂದರೆ ಬೇಡ ಅನ್ನುತ್ತೇನೆ. ಅದಕ್ಕೆ ಬಾಡಿಗೆ ಗಾಡಿ ತಗೊಳ್ಳಿ. ಗಡಿ ದಾಟಿ ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಬರುವುದಾದರೆ ಹತ್ತಿರ, ಬನ್ನಿ. ಹೋಳಿಗೆ ಮರೆಯಬೇಡಿ.

ಮಂಜು ಅವರೇ, ಮಾರಬಹುದು. ಆದರೆ ಒಂಟಾರಿಯೊದಲ್ಲಿ ಕೊಂಡವರು ಪ್ಲೇಟ್ ಹಾಕಿ ಓಡಿಸಬೇಕಾದರೆ ಸೇಫ್ಟಿ ಸರ್ಟಿಫಿಕೇಟ್ ಬೇಕು. ಬಾಗಿಲ ಕೆಳಗಿನ ತುಕ್ಕೇ ಅದಕ್ಕೆ ಅಡ್ಡ ಬರಬಹುದು. ಸರ್ಟಿಫಿಕೇಟ್ ಇಲ್ಲದೆ ಇದ್ದ ಹಾಗೇ ಮಾರಿದರೆ ಸಿಗುವುದು ನಿಮ್ಮ ಗುಜರಿ ರೇಟು. ಅಕ್ಕನ ಕೈಯಲ್ಲಿ ಈ ಗಾಡಿಗೆ ಬೆಲೆ ಜಾಸ್ತಿ. 420 ಡಾಲರ್ ಅಂದರೆ ಲೀಸ್‌ನ ಒಂದು ಕಂತು.

ಅಕ್ಕಾ, ಈಗ ಹಾಕಿದ್ದು ನಾಲ್ಕು ಲೀಟರ್. ಒಳಗೆ ಒಟ್ಟು ಹಿಡಿಯುವುದು ಒಂಬತ್ತು ಲೀಟರ್ ಆಸುಪಾಸು. ಉಳಿದದ್ದು ಟಾರ್ಕ್ ಕನ್ವರ್ಟರ್ ಒಳಗೆ ಹಳೆಯದೇ ಇದೆ. ಚಳಿಗಾಲಕ್ಕೆ ಮುಂಚೆ ಇನ್ನೊಮ್ಮೆ ಪ್ಯಾನ್ ಇಳಿಸಿ ಅಷ್ಟೇ ಹಾಕಿಸಿ, ಅರ್ಧಕ್ಕಿಂತ ಜಾಸ್ತಿ ಹೊಸದಾಗುತ್ತದೆ. ಆಗ ಒಳಗಿನ ಸೆನ್ಸರನ್ನೂ ಬದಲಿಸಿಬಿಡಿ. ಅದೂ ಅಷ್ಟೇ ವರ್ಷ ಉಪ್ಪುನೀರು ಕುಡಿದದ್ದು, ಹೇಗೂ ಚಕ್ರ ಬಿಚ್ಚುತ್ತಾರೆ.

ಡಬ್ಬಿ ಅಕ್ಕ

ಆಯ್ತು ಅಣ್ಣ. ಟೊರೊಂಟೊಗೆ ನಮ್ಮನೆಯವರ ಖರ್ಚಿನಲ್ಲಿ ಬಾಡಿಗೆ ಗಾಡಿ. ಹೊಸ ಗಾಡಿಯ ವಾಸನೆ ಅವರಿಗೂ ಸಿಗುತ್ತದೆ. ಒಂದೇ ಒಂದು ಕೊನೆಯ ಪ್ರಶ್ನೆ. ಕ್ಲಚ್ ಇನ್ನೂ ಸವೆದರೆ ನನಗೆ ಓಡಿಸುವಾಗ ಹೇಗೆ ಗೊತ್ತಾಗುತ್ತದೆ?

ಹುಬ್ಬಳ್ಳಿ ಸ್ಪ್ಯಾನರ್

ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಂದು ಕ್ಷಣ ಹಗುರಾಗಿ ಮೇಲೇರುತ್ತದೆ, ಆಮೇಲೆ ಗೇರ್ ಹಿಡಿಯುತ್ತದೆ. ಮೊದಮೊದಲು ಏರು ಹತ್ತುವಾಗ, ಗಾಡಿ ಬಿಸಿಯಾದಾಗ ಮಾತ್ರ. ಸ್ಪೀಡೋಮೀಟರ್ ಅಲ್ಲ, ಎಂಜಿನ್ ಸುತ್ತಿನ ಮುಳ್ಳು ನೋಡಿ. ಆಗ ಪಿ0733 ಬರುತ್ತದೆ, ಮೂರನೇ ಗೇರಿನದ್ದು. ಈಗಿನ ನಾಲ್ಕು ಅಂಕಿ ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಡಿ. ಮುಂದಿನ ಸಲ ಅಜ್ಜನ ಹತ್ತಿರ ಹೋದಾಗ ಪಕ್ಕದಲ್ಲಿ ಹೊಸ ಅಂಕಿ ಬರೆಸಿ, ಇಲ್ಲಿ ಹಾಕಿ.